ಹಿತ್ತಾಳೆಯ ಲಾರೆಲ್ ದಂಡೆ: ಡಾಫ್ನಿಯ ಎಲೆಗಳನ್ನು ಮುಡಿಗೇರಿಸುವ ಬಗೆ

ಗ್ರೀಕ್ ಪುರಾಣದ ದೇವತೆಗಳ ತಲೆಯ ಮೇಲೆ ಕಾಣುವ ಬಂಗಾರದ ಎಲೆಗಳ ಕಿರೀಟವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂದು ಹಲವರು ಕೇಳುತ್ತಲೇ ಇದ್ದೀರಿ. ಶಾಲೆಯ ನಾಟಕಕ್ಕೆ ಬೇಕೆಂದವರು ಕೆಲವರು, ನೃತ್ಯರೂಪಕಕ್ಕೆ ಬೇಕೆಂದವರು ಕೆಲವರು, ಮದುವೆಯ ಆರತಕ್ಷತೆಗೆ ಹೊಸದೇನಾದರೂ ಮುಡಿಯಬೇಕು ಎಂದವರು ಇನ್ನು ಕೆಲವರು. ತೊಂದರೆಗಳು ಮಾತ್ರ ಎಲ್ಲರದೂ ಒಂದೇ: ಎಲೆ ಸೊಟ್ಟಗಾಗುತ್ತದೆ, ತೊಟ್ಟು ಹೊರಗೆ ಕಾಣುತ್ತದೆ, ತಲೆಯ ಮೇಲೆ ಇಟ್ಟರೆ ಜಾರುತ್ತದೆ. ಎಲ್ಲಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ಇದನ್ನು ಕಿರೀಟ ಎನ್ನುವುದಕ್ಕಿಂತ ದಂಡೆ ಎನ್ನುವುದು ನನಗೆ ಹೆಚ್ಚು ಸರಿ ಎನಿಸುತ್ತದೆ. ಹೂವಿನ ದಂಡೆ ಕಟ್ಟಿ ಗೊತ್ತಿರುವವರಿಗೆ ಈ ಕೆಲಸದ ಅರ್ಧ ಆಗಲೇ ಕೈಗೆ ಬಂದಿದೆ. ಬಾಳೆನಾರಿನ ಜಾಗದಲ್ಲಿ ತಂತಿ ಇರುತ್ತದೆ, ಹೂವಿನ ಜಾಗದಲ್ಲಿ ತಗಡಿನ ಎಲೆ.

ಮೊದಲು ಎಲೆ ಯಾರದೆಂದು ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಗ್ರೀಕರಲ್ಲಿ ಒಂದೊಂದು ದೇವತೆಗೂ ತನ್ನದೇ ಆದ ಎಲೆ ಇತ್ತು. ಲಾರೆಲ್ ಮರದ ಎಲೆ ಅಪೋಲೊನದು, ಆಲಿವ್ ಅಥೀನಾಳದು, ಓಕ್ ಜ಼್ಯೂಸ್‌ನದು, ಮರ್ಟಲ್ ಆಫ್ರೊಡೈಟಿಯದು, ಐವಿ ಬಳ್ಳಿ ಡಯೊನೈಸಸ್‌ನದು. ಎಲೆಯ ಆಕಾರ ತಪ್ಪಿದರೆ ದೇವತೆಯೇ ಬದಲಾಗಿಬಿಡುತ್ತದೆ.

ಲಾರೆಲ್‌ನ ಕಥೆ ಚಿಕ್ಕದು. ಬೇಟೆಯಲ್ಲಿ ಕಾಡು ಸುತ್ತುತ್ತಿದ್ದ ಡಾಫ್ನಿ ಥೆಸ್ಸಲಿಯ ಪೀನಿಯಸ್ ನದಿದೇವನ ಮಗಳು. ಪ್ರೇಮದೇವತೆ ಈರೋಸ್ ಬಂಗಾರದ ಬಾಣವನ್ನು ಅಪೋಲೊನಿಗೂ ಸೀಸದ ಬಾಣವನ್ನು ಅವಳಿಗೂ ಬಿಟ್ಟ. ಅವನಿಗೆ ಮೋಹ ಹುಟ್ಟಿತು, ಅವಳಿಗೆ ಬೇಡವೆನಿಸಿತು. ಓಡಿ ಓಡಿ ಸುಸ್ತಾದಾಗ ಅವಳು ತಂದೆಯನ್ನು ಕೂಗಿ ರಕ್ಷಣೆ ಬೇಡಿದಳು. ಮೈ ತೊಗಟೆಯಾಯಿತು, ಕೈ ಕೊಂಬೆಯಾಯಿತು, ಕೂದಲು ಎಲೆಯಾಯಿತು. ಅಪೋಲೊ ಆ ಮರವನ್ನೇ ತನ್ನದೆಂದುಕೊಂಡ. ಡಾಫ್ನಿ ಎಂದರೆ ಗ್ರೀಕ್ ಭಾಷೆಯಲ್ಲಿ ಲಾರೆಲ್ ಎಂದೇ ಅರ್ಥ. ಅವಳ ಕೂದಲೇ ಎಲೆಯಾಯಿತು ಎಂಬ ಕಾರಣಕ್ಕೆ ಕೂದಲಿಗೆ ಮುಡಿಯುವ ಒಡವೆಯಾಗಿ ಈ ಎಲೆಗಿಂತ ಹೊಂದುವಂಥದ್ದು ಬೇರೆ ಇಲ್ಲವೆಂದು ನಾನು ನಂಬಿದ್ದೇನೆ. ರೋಮ್‌ನ ಬೋರ್ಗೀಸ್ ಗ್ಯಾಲರಿಯಲ್ಲಿರುವ ಶಿಲ್ಪಿ ಬರ್ನಿನಿಯ ‘ಅಪೋಲೊ ಮತ್ತು ಡಾಫ್ನಿ’ ಶಿಲ್ಪದ (1622–25) ಚಿತ್ರ ಸಿಕ್ಕರೆ ಕೆಲಸಕ್ಕೆ ಕೂರುವ ಮೊದಲು ನೋಡಿ. ಬೆರಳ ತುದಿಯಿಂದ ಎಲೆಗಳು ಒಡೆಯುವ ರೀತಿಯಲ್ಲೇ ಅವು ಯಾವ ಕಡೆ ಬಾಗಬೇಕು ಎಂಬುದು ತಿಳಿಯುತ್ತದೆ.

ಗ್ರೀಸಿನ ಡೆಲ್ಫಿಯಲ್ಲಿ ಅಪೋಲೊನ ಹೆಸರಿನಲ್ಲಿ ನಡೆಯುತ್ತಿದ್ದ ಪಿಥಿಯನ್ ಕ್ರೀಡೆಗಳಲ್ಲಿ ಗೆದ್ದವರಿಗೆ ಲಾರೆಲ್ ತೊಡಿಸುತ್ತಿದ್ದರು. ಹಳೆಯ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದ ಒಲಿಂಪಿಯಾದಲ್ಲಿ ಕೊಡುತ್ತಿದ್ದದ್ದು ಕಾಡು ಆಲಿವ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ತಲೆಯ ಮೇಲಿದ್ದದ್ದೂ ಆಲಿವ್ ಎಲೆಯೇ. ಇವೆರಡನ್ನು ಬೇರೆ ಮಾಡುವ ಗುರುತು ಹೀಗಿದೆ: ಆಲಿವ್ ಎಲೆ ಸಪೂರ, ಕೊಂಬೆಯ ಮೇಲೆ ಜೋಡಿಜೋಡಿಯಾಗಿ ಎದುರುಬದುರು ಇರುತ್ತದೆ. ಲಾರೆಲ್ ಎಲೆ ಅಗಲ, ಅಂಚು ತುಸು ಅಲೆಅಲೆ, ಕೊಂಬೆಯ ಮೇಲೆ ಒಂದು ಆ ಕಡೆ, ಮುಂದಿನದು ಈ ಕಡೆ. ಅಂಗಡಿಯಲ್ಲಿ ಲಾರೆಲ್ ಎಂದು ಮಾರುವ ಎಷ್ಟೋ ಹೇರ್‌ಬ್ಯಾಂಡ್‌ಗಳಲ್ಲಿ ಎಲೆಗಳು ಎದುರುಬದುರು ಇರುತ್ತವೆ. ಅದನ್ನು ನಕಲು ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಎಲೆಯ ಅಚ್ಚಿಗೆ ಅಡುಗೆಮನೆಯ ಪಲಾವ್ ಎಲೆಯನ್ನು ಇಟ್ಟು ಗೆರೆ ಎಳೆಯುವವರಿದ್ದಾರೆ. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಕುಲದ್ದು. ಅದರಲ್ಲಿ ಬುಡದಿಂದ ತುದಿಯ ಕಡೆಗೆ ಮೂರು ಉದ್ದ ನರಗಳು ಓಡುತ್ತವೆ. ಲಾರೆಲ್‌ಗೆ ನಡುನರ ಒಂದೇ, ಅದರಿಂದ ಎರಡೂ ಕಡೆಗೆ ಸಣ್ಣ ನರಗಳು ಹೊರಡುತ್ತವೆ. ಆಕಾರಕ್ಕೆ ಪಲಾವ್ ಎಲೆ ಇಟ್ಟುಕೊಳ್ಳಿ, ನರಗಳನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. ಹಸಿ ಎಲೆಯಲ್ಲೇ ದಂಡೆ ಕಟ್ಟುತ್ತೇನೆ ಎನ್ನುವವರು ಕಣಗಿಲೆ ಎಲೆಯನ್ನು ಖಂಡಿತ ಮುಟ್ಟಬೇಡಿ. ನೋಡಲು ಹೊಂದುತ್ತದೆ ಎಂದು ಮಕ್ಕಳ ನಾಟಕಕ್ಕೆ ಬಳಸುವವರುಂಟು. ಕಣಗಿಲೆಯ ಗಿಡವಿಡೀ ವಿಷ.

ಬೇಕಾಗುವ ಸಾಮಾನು

ಹಿತ್ತಾಳೆ ತಗಡು, 0.1 ಮಿ.ಮೀ. ದಪ್ಪ, 15×30 ಸೆಂ.ಮೀ. ತುಂಡು. ಕತ್ತರಿಯಲ್ಲಿ ಕತ್ತರಿಸಬಹುದಾದ ದಪ್ಪ ಇದು. 0.2 ತಂದರೆ ಕೈ ನೋಯುತ್ತದೆ, ಅಂಚೂ ಹರಿತವಾಗಿ ಉಳಿಯುತ್ತದೆ.

ದಂಡೆಗೆ ಎರಡು ಕೊಂಬೆ: ಹಣೆಯಿಂದ ಹಿಂದಕ್ಕೆ ಎಡಕ್ಕೊಂದು, ಬಲಕ್ಕೊಂದು. ಈ ಕೊಂಬೆಗಳಿಗೆ 1.2 ಮಿ.ಮೀ. ಹಿತ್ತಾಳೆ ತಂತಿ, 60 ಸೆಂ.ಮೀ. ಎಲೆ ಕಟ್ಟಲು 0.4 ಮಿ.ಮೀ. ತಂತಿ, 8 ಮೀಟರ್. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಕೇಳಬೇಡಿ. ಗೇಜ್ ಎಂದರೆ ತಂತಿಯ ದಪ್ಪವನ್ನು ಸೂಚಿಸುವ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಪೂರ. ಆದರೆ ಬ್ರಿಟಿಷ್ ಗೇಜ್ ಬೇರೆ, ಅಮೆರಿಕನ್ ಗೇಜ್ ಬೇರೆ. 18 ಗೇಜ್ ಎಂದರೆ ಬ್ರಿಟಿಷ್ ಲೆಕ್ಕದಲ್ಲಿ ಸುಮಾರು 1.2 ಮಿ.ಮೀ., ಅಮೆರಿಕನ್ ಲೆಕ್ಕದಲ್ಲಿ ಸುಮಾರು 1 ಮಿ.ಮೀ. ವಿದೇಶದ ವಿಡಿಯೊ ನೋಡಿ ಇಲ್ಲಿ ತಂತಿ ತಂದವರು ಮೋಸ ಹೋಗುವುದು ಹೀಗೆ. ಮಿಲಿಮೀಟರಿನಲ್ಲೇ ಕೇಳಿ.

ಇವುಗಳ ಜೊತೆಗೆ ತುದಿ ದುಂಡಾದ ಸಣ್ಣ ಇಕ್ಕಳ, ಚಪ್ಪಟೆ ತುದಿಯ ಇಕ್ಕಳ, ತಂತಿ ಕಟ್ಟರ್, ಹಳೆಯ ಗಟ್ಟಿ ಕತ್ತರಿ, ಶಾಯಿ ಮುಗಿದ ಬಾಲ್‌ಪೆನ್, ಹಳೆಯ ಮೌಸ್‌ಪ್ಯಾಡ್, ದಪ್ಪ ಸೂಜಿ, 400 ನಂಬರಿನ ಉಪ್ಪುಕಾಗದ, 6 ಮಿ.ಮೀ. ಕಪ್ಪು ಗಾಜಿನ ಮಣಿ 12, ಒಂದು ಸೆಂ.ಮೀ. ಅಗಲದ ಸ್ಯಾಟಿನ್ ರಿಬ್ಬನ್ ಎರಡು ತುಂಡು, ಬಣ್ಣವಿಲ್ಲದ ಲ್ಯಾಕರ್ ಸ್ಪ್ರೇ. ಲ್ಯಾಕರ್ ಎಂದರೆ ಲೋಹಕ್ಕೆ ಗಾಳಿ, ಬೆವರು ತಾಗದಂತೆ ಬಳಿಯುವ ತೆಳು ಪಾರದರ್ಶಕ ಲೇಪ. ಕನ್ನಡಕ ಇಲ್ಲದವರು ಕಣ್ಣಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಳ್ಳಬೇಕು. ತಂತಿಯ ಚೂರು ಕಟ್ಟರ್‌ನಿಂದ ಹಾರುವಾಗ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ಹಂತ 1: ತಲೆಯ ಅಳತೆ

ದಂಡೆ ಕೂರುವ ಜಾಗದಲ್ಲೇ, ಅಂದರೆ ಹಣೆಯ ಕೂದಲಿನ ಗೆರೆಯಿಂದ ಕಿವಿಗಳ ಮೇಲೆ ಹಾದು ಹಿಂದಿನ ತುರುಬಿನ ಕೆಳಗಿನವರೆಗೆ ಟೇಪ್ ಸುತ್ತಿ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಬಂದ ಸಂಖ್ಯೆಯಿಂದ 14 ಕಳೆದು ಎರಡರಿಂದ ಭಾಗಿಸಿ. ಅದು ಒಂದು ಕೊಂಬೆಯ ಉದ್ದ. 56 ಇದ್ದರೆ 21 ಸೆಂ.ಮೀ.

ಕಳೆದ 14ರಲ್ಲಿ 6 ಹಿಂದುಗಡೆ ರಿಬ್ಬನ್‌ಗೆ, 8 ಮುಂದುಗಡೆಯ ತೆರಪಿಗೆ. ಮುಂದೆ ಅಷ್ಟು ತೆರಪು ಏಕೆ ಎಂದು ಅನಿಸಬಹುದು. ಎರಡೂ ತುದಿಗಳಲ್ಲಿ ತಂತಿಯನ್ನು ದಾಟಿ ಒಂದೊಂದು ಎಲೆ 3 ಸೆಂ.ಮೀ. ಮುಂದಕ್ಕೆ ಚಾಚುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹಣೆಯ ನಡುವೆ ಎಲೆಗಳು ಒಂದರ ಮೇಲೊಂದು ಹತ್ತಿ ಕುಳಿತುಕೊಳ್ಳುತ್ತವೆ.

ಹಂತ 2: ಎಲೆ ಕತ್ತರಿಸುವುದು

ರಟ್ಟಿನಲ್ಲಿ ಮೂರು ಅಚ್ಚು ಮಾಡಿಕೊಳ್ಳಿ: 5×1.6, 4×1.3, 3×1 ಸೆಂ.ಮೀ. ಎರಡೂ ತುದಿ ಚೂಪು, ನಡುವೆ ಅಗಲ. ಬುಡದ ಕಡೆ 3 ಮಿ.ಮೀ. ಅಗಲದ ಮೊಟಕು ಬಾಲ ಇರಲಿ, ತೂತು ಹಾಕಲು ಬೇಕು. ಒಂದು ಕೊಂಬೆಗೆ ದೊಡ್ಡದು 6, ಮಧ್ಯಮ 6, ಸಣ್ಣದು 4, ಒಟ್ಟು 16. ಎರಡಕ್ಕೆ 32. ಪ್ರತಿ ಅಳತೆಯಲ್ಲೂ ಎರಡೆರಡು ಹೆಚ್ಚು ಕತ್ತರಿಸಿಡಿ.

ಕತ್ತರಿಯನ್ನು ಪೂರ್ತಿ ಮುಚ್ಚಬೇಡಿ. ಬಾಯಿ ಪೂರ್ತಿ ಮುಚ್ಚಿದ ಕಡೆಯಲ್ಲೆಲ್ಲ ಅಂಚಿನಲ್ಲಿ ಒಂದು ಮುಳ್ಳು ಏಳುತ್ತದೆ. ಕತ್ತರಿಯ ಬುಡದ ಭಾಗದಲ್ಲಿ ಕತ್ತರಿಸುತ್ತ ಎಡಗೈಯಲ್ಲಿ ತಗಡನ್ನು ತಿರುಗಿಸುತ್ತ ಹೋಗಿ.

ಕತ್ತರಿಸಿದ ಮೇಲೆ ಪ್ರತಿ ಎಲೆಯ ಅಂಚನ್ನೂ ಉಪ್ಪುಕಾಗದದಲ್ಲಿ ಉಜ್ಜಿ. ಬೇಸರದ ಕೆಲಸ, ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆದರೆ ಈ ಹಂತವನ್ನು ಬಿಟ್ಟವರ ದಂಡೆ ಕೂದಲನ್ನು ಕತ್ತರಿಸುತ್ತದೆ, ಹಣೆಯನ್ನು ಗೀರುತ್ತದೆ. ಉಜ್ಜಿದ ಎಲೆಯನ್ನು ನೈಲಾನ್ ಬಟ್ಟೆಯ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು.

ಹಂತ 3: ಕಾಯಿಸಿ ಮೆದು ಮಾಡುವುದು

ಒಂದು ಎಲೆಯನ್ನು ಬಾಗಿಸಿ ಬಿಡಿ. ಸ್ಪ್ರಿಂಗ್‌ನಂತೆ ಮೊದಲಿನ ಸ್ಥಿತಿಗೆ ಬಂದರೆ ತಗಡು ಗಡಸಾಗಿದೆ, ಕಾಯಿಸಬೇಕು. ಬಾಗಿದಂತೆಯೇ ನಿಂತರೆ ಈ ಹಂತ ಬೇಡ.

ಇದಕ್ಕೆ ಲೋಹಗೆಲಸದವರು ಅನೀಲಿಂಗ್ ಎನ್ನುತ್ತಾರೆ: ಲೋಹವನ್ನು ಕಾಯಿಸಿ ಒಳಗಿನ ಬಿಗಿತ ಬಿಡಿಸುವುದು. ಕಿಟಕಿ ತೆರೆದ ಅಡುಗೆಮನೆಯಲ್ಲಿ, ದೀಪ ಆರಿಸಿ, ಎಲೆಯ ಬಾಲವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಹಾಯಿಸಿ. ಕತ್ತಲಲ್ಲಿ ಮಂದ ಕೆಂಪು ಕಂಡ ತಕ್ಷಣ ಹೊರಕ್ಕೆ ತೆಗೆಯಿರಿ. ಇಷ್ಟು ತೆಳು ತಗಡಿಗೆ ಅದು ಕೆಲವೇ ಸೆಕೆಂಡುಗಳ ಕೆಲಸ. ಬೆಳಕಿನಲ್ಲಿ ಮಾಡಿದರೆ ಕೆಂಪು ಕಾಣುವುದಿಲ್ಲ, ಕಂಡಾಗ ಎಲೆಯ ತುದಿ ಕರಗಿಹೋಗಿರುತ್ತದೆ. ಹೆಚ್ಚು ಕಾಯಿಸಿದರೆ ಹಿತ್ತಾಳೆಯಲ್ಲಿರುವ ಸತು ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಬಾರದು. ಮಕ್ಕಳನ್ನು ಈ ಹಂತಕ್ಕೆ ಸೇರಿಸಿಕೊಳ್ಳಬೇಡಿ. ಕೊಂಬೆಯ ದಪ್ಪ ತಂತಿಯನ್ನು ಕಾಯಿಸಬೇಡಿ, ಅದರ ಗಡಸುತನವೇ ದಂಡೆಯ ಆಕಾರವನ್ನು ಹಿಡಿದಿಡುವುದು.

ಹಂತ 4: ಹುಣಸೆಹಣ್ಣು

ಕಾಯಿಸಿದ ಎಲೆಗಳು ಕಪ್ಪಾಗಿರುತ್ತವೆ. ದೇವರ ಪಾತ್ರೆ ಬೆಳಗುವಂತೆ ಹುಣಸೆಹಣ್ಣಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬೆರಳಿನಿಂದ ತಿಕ್ಕಿ. ಹುಳಿಗೆ ಕಪ್ಪು ಕರಗಿ ಬಣ್ಣ ಬರುತ್ತದೆ. ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಹುಳಿ ಉಳಿದರೆ ಕೆಲವೇ ದಿನಗಳಲ್ಲಿ ಹಸಿರು ಕಿಲುಬು ಬರುತ್ತದೆ. ಬೆಳಗುವ ಕೆಲಸವನ್ನು ಕಟ್ಟಿದ ಮೇಲೆ ಮಾಡೋಣ ಎಂದು ಮುಂದೂಡಬೇಡಿ. ಸುತ್ತಿದ ತಂತಿಯ ಸಂದಿಗಳಲ್ಲಿ ಹುಳಿನೀರು ಸೇರಿಕೊಂಡರೆ ತೆಗೆಯಲಾಗದು.

ಹಂತ 5: ನರ ಮೂಡಿಸುವುದು

ಎಲೆಯನ್ನು ಮೌಸ್‌ಪ್ಯಾಡ್ ಮೇಲೆ ಮಗುಚಿ ಇಟ್ಟು, ಶಾಯಿ ಇಲ್ಲದ ಪೆನ್ನಿನಿಂದ ಬುಡದಿಂದ ತುದಿಗೆ ಒಂದೇ ಗೆರೆ ಒತ್ತಿ ಎಳೆಯಿರಿ. ಮುಂಭಾಗದಲ್ಲಿ ಏಣು ಏಳುತ್ತದೆ. ಈ ಏಣು ಬರಿಯ ಅಂದಕ್ಕಲ್ಲ. ಮೆದುವಾದ ತಗಡಿಗೆ ಬೆನ್ನೆಲುಬು ಕೊಡುವುದು ಅದೇ. ಎರಡೂ ಕಡೆ ಐದಾರು ನರಗಳನ್ನು ತೆಳುವಾಗಿ, ತುದಿಯ ಕಡೆಗೆ ಓರೆಯಾಗಿ ಎಳೆಯಿರಿ. ಇವನ್ನು ಜೋರಾಗಿ ಒತ್ತಿ ಎಳೆದರೆ ತಗಡು ಹರಿಯುತ್ತದೆ. ಆಮೇಲೆ ನಡುಗೆರೆಯ ಉದ್ದಕ್ಕೂ ಎರಡು ಬೆರಳಿನಿಂದ ಸ್ವಲ್ಪವೇ ಮಡಚಿ, ದುಂಡು ಇಕ್ಕಳದಿಂದ ಅಂಚನ್ನು ಅಲ್ಲಲ್ಲಿ ತಿರುಚಿ. ಪ್ರತಿ ಎಲೆಯೂ ತುಸು ಬೇರೆಯಾಗಿರಲಿ. ಮೂವತ್ತೆರಡೂ ಒಂದೇ ತರ ಇದ್ದರೆ ಅಚ್ಚಿನಿಂದ ತೆಗೆದ ಹಾಗೆ ಕಾಣುತ್ತದೆ. ಹಾಗೆಂದು ಒಂದನ್ನೇ ತಿದ್ದುತ್ತ ಕೂರಬೇಡಿ. ಬಾಗಿಸಿದಷ್ಟೂ ಹಿತ್ತಾಳೆ ಗಡಸಾಗುತ್ತದೆ, ಕೊನೆಗೆ ಮುರಿಯುತ್ತದೆ.

ಹಂತ 6: ತೊಟ್ಟು

ಬಾಲದಲ್ಲಿ ಸೂಜಿಯಿಂದ ಎರಡು ಸಣ್ಣ ತೂತು ಹಾಕಿ. 14 ಸೆಂ.ಮೀ. ಉದ್ದದ 0.4 ತಂತಿಯನ್ನು ಒಂದರಿಂದ ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ ಎಳೆದು, ಎರಡೂ ತುದಿ ಸಮ ಮಾಡಿ, ನಾಲ್ಕು ಸುತ್ತು ಹೊಸೆಯಿರಿ. ಸುಮಾರು 1 ಸೆಂ.ಮೀ. ತೊಟ್ಟು ಸಿಗುತ್ತದೆ. ಮಣಿಗಳಿಗೂ ಹೀಗೆಯೇ ತಂತಿ ಪೋಣಿಸಿ ಹೊಸೆದು, ಎರಡೆರಡನ್ನು ಜೋಡಿ ಮಾಡಿ ಆರು ಗೊಂಚಲು ಮಾಡಿಕೊಳ್ಳಿ. ಲಾರೆಲ್ ಹಣ್ಣು ಮಾಗಿದಾಗ ಕಪ್ಪು, ಅದಕ್ಕೇ ಕಪ್ಪು ಮಣಿ. ಮುತ್ತು ಹಾಕಿದರೂ ಚೆನ್ನಾಗಿ ಕಾಣುತ್ತದೆ, ಆದರೆ ಆ ಮರದಲ್ಲಿ ಬಿಳಿ ಹಣ್ಣು ಬಿಡುವುದಿಲ್ಲ.

ಹಂತ 7: ಕಟ್ಟುವುದು

ದಪ್ಪ ತಂತಿಯನ್ನು ಕೊಂಬೆಯ ಉದ್ದಕ್ಕಿಂತ 3 ಸೆಂ.ಮೀ. ಹೆಚ್ಚು ಕತ್ತರಿಸಿ. 21 ಬೇಕಿದ್ದರೆ 24. ಒಂದು ತುದಿಯನ್ನು ಹಿಂದಕ್ಕೆ ಮಡಚಿ ಒತ್ತಿ, ಇನ್ನೊಂದನ್ನು ರಿಬ್ಬನ್ ಹೋಗುವಷ್ಟು ಉಂಗುರ ಮಾಡಿ. ಚೂಪು ತುದಿ ಎಲ್ಲಿಯೂ ಹೊರಗೆ ಇರಬಾರದು.

ಮಡಚಿದ ತುದಿ ಹಣೆಯ ಕಡೆಯದು. ಅಲ್ಲಿಂದಲೇ ಆರಂಭಿಸಿ. ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬಂದರೆ ಎಲ್ಲ ತೊಟ್ಟುಗಳೂ ಎಲೆಯ ಮೇಲೆ ಕಾಣುತ್ತವೆ, ಪೂರ್ತಿ ಬಿಚ್ಚಬೇಕಾಗುತ್ತದೆ. ಮುಂದಿನಿಂದ ಹಿಂದಕ್ಕೆ ಹೋದರೆ ಪ್ರತಿ ಹೊಸ ಎಲೆಯೂ ಅದಕ್ಕೆ ಮೊದಲು ಕಟ್ಟಿದ ಎಲೆಯ ತೊಟ್ಟನ್ನು ಮುಚ್ಚುತ್ತದೆ.

ಮೊದಲ ಸಣ್ಣ ಎಲೆಯ ತುದಿ ತಂತಿಯನ್ನು ದಾಟಿ ಮುಂದೆ ನೇರ ನೋಡಲಿ. ತೊಟ್ಟನ್ನು ದಪ್ಪ ತಂತಿಗೆ ಒತ್ತಿ ಹಿಡಿದು ಉಳಿದ ತಂತಿಯನ್ನು ಐದಾರು ಸುತ್ತು ಬಿಗಿಯಾಗಿ ಸುತ್ತಿ, ಸುತ್ತುಗಳ ನಡುವೆ ತೆರಪು ಬೇಡ. 1.3 ಸೆಂ.ಮೀ. ಬಿಟ್ಟು ಮುಂದಿನ ಎಲೆ, ತುಸು ಎಡಕ್ಕೆ. ಅದರ ಮುಂದಿನದು ಬಲಕ್ಕೆ. ಸಣ್ಣವು ಮುಗಿದ ಮೇಲೆ ಮಧ್ಯಮ, ಕೊನೆಗೆ ದೊಡ್ಡವು. ಮೂರನೆಯ, ಎಂಟನೆಯ, ಹದಿಮೂರನೆಯ ಎಲೆಗಳ ಜೊತೆ ಒಂದೊಂದು ಮಣಿಗೊಂಚಲು ಸೇರಿಸಿ. ಎಲ್ಲ ಎಲೆಗಳ ತುದಿಯೂ ಹಣೆಯ ಕಡೆಗೇ ಇರಬೇಕು.

ಉಳಿದ ತಂತಿತುದಿಯನ್ನು ಕತ್ತರಿಸಿ ಚಪ್ಪಟೆ ಇಕ್ಕಳದಿಂದ ಒತ್ತಿ. ತುದಿ ಬೀಳುವುದು ಎಲೆಗಳಿರುವ ಮುಂಭಾಗದಲ್ಲಿರಲಿ, ನೆತ್ತಿಗೆ ತಾಗುವ ಹಿಂಭಾಗದಲ್ಲಲ್ಲ. ಎಲೆ ಅದನ್ನು ಮುಚ್ಚುತ್ತದೆ.

ಎರಡನೆಯ ಕೊಂಬೆ ಮೊದಲನೆಯದರ ಕನ್ನಡಿಬಿಂಬ. ಮೊದಲನೆಯದರಲ್ಲಿ ಎರಡನೇ ಎಲೆ ಎಡಕ್ಕಿದ್ದರೆ ಇದರಲ್ಲಿ ಬಲಕ್ಕೆ. ಮುಗಿಸಿದ ಕೊಂಬೆಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಎಲೆ ಎಲೆಗೂ ನೋಡಿ ಕಟ್ಟಿ. ನೆನಪಿನಿಂದ ಕಟ್ಟಿದ ಎರಡನೆಯ ಕೊಂಬೆ ಸರಿಹೋಗುವುದು ಅಪರೂಪ.

ಹಂತ 8: ಬಾಗಿಸುವುದು

ಇದುವರೆಗೆ ಕೊಂಬೆ ನೇರವಾಗಿಯೇ ಇರಲಿ. ಈಗ 16 ಸೆಂ.ಮೀ. ಅಡ್ಡಳತೆಯ ಪಾತ್ರೆಯ ಹೊರಮೈಗೆ ಕೊಂಬೆಯ ಹಿಂಭಾಗವನ್ನು ಒತ್ತಿ, ಬುಡದಿಂದ ತುದಿಯವರೆಗೆ ನಿಧಾನವಾಗಿ ಬಾಗಿಸಿ. ತಲೆಗಿಂತ ಪಾತ್ರೆ ಚಿಕ್ಕದಿರಬೇಕು, ಕೈ ಬಿಟ್ಟಾಗ ತಂತಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ತಲೆ ದುಂಡಗಿಲ್ಲ, ಮೊಟ್ಟೆಯಾಕಾರ. ಕಿವಿಯ ಮೇಲೆ ಬರುವ ಭಾಗವನ್ನು ತುಸು ಚಪ್ಪಟೆ ಮಾಡಿ.

ತಂತಿ ಬಾಗಿದರೂ ಎಲೆಗಳು ನೇರ ನಿಂತು ಹೊರಕ್ಕೆ ಚಾಚಿಕೊಳ್ಳುತ್ತವೆ. ಹಾಗೇ ಬಿಟ್ಟರೆ ದುಪಟ್ಟಾ, ಸೆರಗು, ಪಕ್ಕದವರ ಕೂದಲು ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಒಂದೊಂದು ಎಲೆಯನ್ನೂ ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ತಲೆಯ ಬಾಗಿಗೆ ಹೊಂದಿಸಿ. ಮೇಲಿನ ಸಾಲು ತುಸು ನಿಮಿರಲಿ, ಕೆಳಗಿನ ಸಾಲು ಕೂದಲಿಗೆ ಮಲಗಲಿ.

ಆಮೇಲೆ ಹೊರಗೆ ಗಾಳಿಯಲ್ಲಿ ಲ್ಯಾಕರ್ ಎರಡು ತೆಳು ಲೇಪ. ಒಂದು ಒಣಗಿದ ಮೇಲೆ ಇನ್ನೊಂದು, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಕಾಯಿರಿ. ಒಂದೇ ಸಲ ದಪ್ಪಗೆ ಹೊಡೆದರೆ ಹನಿಗಟ್ಟುತ್ತದೆ. ಮಣಿಗಳ ಮೇಲೆ ಬಿದ್ದರೆ ತೊಂದರೆಯಿಲ್ಲ.

ಲೆಕ್ಕ ಹಾಕಿದರೆ ಈ ದಂಡೆ ಮಣಿ ಸೇರಿ 25–30 ಗ್ರಾಂ ತೂಗುತ್ತದೆ. ಹೆಚ್ಚು ಹೊತ್ತು ಮುಡಿದರೂ ತಲೆನೋವು ಬಾರದ ತೂಕ ಅದು. 1977ರಲ್ಲಿ ಪುರಾತತ್ವಜ್ಞ ಮನೋಲಿಸ್ ಆಂಡ್ರೋನಿಕೋಸ್ ಉತ್ತರ ಗ್ರೀಸಿನ ವರ್ಗಿನಾದಲ್ಲಿ ತೆರೆದ ಮ್ಯಾಸಿಡೋನಿಯಾದ ರಾಜಸಮಾಧಿಯಲ್ಲಿ ಸಿಕ್ಕಿದ ಓಕ್ ಎಲೆಗಳ ಬಂಗಾರದ ದಂಡೆ 700 ಗ್ರಾಂಗೂ ಹೆಚ್ಚು ತೂಗುತ್ತದೆ. ಅದರಲ್ಲಿ 313 ಎಲೆ, 68 ಓಕ್ ಕಾಯಿ. ಅದೂ ತೆಳು ತಗಡಿನ ಎಲೆಗಳದೇ ಕೆಲಸ. ಅಂಥ ಬಂಗಾರದ ದಂಡೆಗಳನ್ನು ಸಮಾಧಿಯಲ್ಲಿ ಇಡುತ್ತಿದ್ದರು, ದೇಗುಲಗಳಿಗೆ ಅರ್ಪಿಸುತ್ತಿದ್ದರು. ನಮ್ಮದು ಮುಡಿಯಲೆಂದೇ ಮಾಡಿದ್ದು, ಹಗುರವಾಗಿಯೇ ಇರಲಿ. ಇನ್ನಷ್ಟು ಎಲೆ ಸೇರಿಸುವ ಆಸೆ ಬೇಡ.

ಹಂತ 9: ಮುಡಿಯುವುದು

ಗ್ರೀಕ್ ಹೂಜಿಗಳ ಮೇಲಿನ ಚಿತ್ರಗಳಲ್ಲಿ ಹೆಂಗಸರ ಕೂದಲು ಹಲವು ಸಲ ಕತ್ತಿನ ಹತ್ತಿರ ಗಂಟು ಹಾಕಿರುತ್ತದೆ. ನಮ್ಮ ಕೆಳಗಿನ ತುರುಬಿಗೆ ಅದು ಹತ್ತಿರ. ನಡುಬೈತಲೆ ತೆಗೆದು, ಕಿವಿಯ ಮೇಲೆ ಕೂದಲನ್ನು ಸಡಿಲ ಬಿಟ್ಟು ತುರುಬು ಕಟ್ಟಿ. ಉಂಗುರಗಳಿಗೆ ಸುಮಾರು 60 ಸೆಂ.ಮೀ. ಉದ್ದದ ಒಂದೊಂದು ರಿಬ್ಬನ್ ಕಟ್ಟಿ, ಎರಡನ್ನೂ ತುರುಬಿನ ಕೆಳಗೆ ಗಂಟು ಹಾಕಿ ಇಳಿಬಿಡಿ. ಜಡೆ ಹಾಕುವವರು ರಿಬ್ಬನ್ನನ್ನು ಜಡೆಯ ಬುಡದ ಕೆಳಗೆ ಕಟ್ಟಬೇಕು, ಮೇಲೆ ಕಟ್ಟಿದರೆ ದಂಡೆ ಹಿಂದಕ್ಕೆ ವಾಲುತ್ತದೆ.

ಜಾರುವ ತೊಂದರೆಗೆ ಮುಖ್ಯ ಕಾರಣ ಎಣ್ಣೆ. ಮುಡಿಯುವ ಹಿಂದಿನ ದಿನ ತಲೆಗೆ ನೀರು ಹಾಕಿಕೊಳ್ಳಿ, ಆಮೇಲೆ ಕೊಬ್ಬರಿಎಣ್ಣೆ ಬೇಡ. ಎಣ್ಣೆ ಹಿತ್ತಾಳೆಗೂ ಒಳ್ಳೆಯದಲ್ಲ. ಹಿಂಭಾಗದ ತಂತಿಗೆ ಕೂದಲಿನ ಬಣ್ಣದ ವೆಲ್ವೆಟ್ ರಿಬ್ಬನ್ ಸುತ್ತಿದರೆ ಹಿಡಿತ ಹೆಚ್ಚುತ್ತದೆ, ಮೃದುವಾಗಿಯೂ ಇರುತ್ತದೆ. ಕಿವಿಯ ಮೇಲೆ ಒಂದೊಂದು ಕಡೆ ಎರಡೆರಡು ಪಿನ್, ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಹಾಕಿ. ಪಿನ್ ದಪ್ಪ ತಂತಿಯ ಮೇಲೆ ಹಾಯಬೇಕು, ಎಲೆಯ ತೊಟ್ಟಿನ ಮೇಲಲ್ಲ. ನೃತ್ಯಕ್ಕಾದರೆ ರಿಬ್ಬನ್ ಬದಲು ಕಪ್ಪು ಎಲಾಸ್ಟಿಕ್ ಹಾಕಿ.

ನೋಡಿಕೊಳ್ಳುವುದು

ಮುಡಿದು ತೆಗೆದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಲ್ಯಾಕರ್ ಇರುವವರೆಗೆ ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದನ್ನೂ ತಾಗಿಸಬೇಡಿ, ಲೇಪ ಅಲ್ಲಲ್ಲಿ ಎದ್ದು ಕಲೆ ಕಲೆಯಾಗುತ್ತದೆ. ಹೇರ್ ಸ್ಪ್ರೇ ಹೊಡೆಯುವುದಿದ್ದರೆ ದಂಡೆ ಇಡುವ ಮೊದಲೇ ಹೊಡೆಯಿರಿ. ಅಗಲ ಡಬ್ಬಿಯಲ್ಲಿ, ನಡುವೆ ಮಡಚಿದ ಹತ್ತಿಬಟ್ಟೆ ಇಟ್ಟು, ಅದರ ಸುತ್ತ ದಂಡೆ ಇಡಿ, ಮೇಲೆ ಏನನ್ನೂ ಹೇರಬೇಡಿ. ಹೆಚ್ಚು ಕತ್ತರಿಸಿಟ್ಟ ಆರು ಎಲೆಗಳನ್ನೂ ತಂತಿ ಪೋಣಿಸಿ ಅದೇ ಡಬ್ಬಿಯಲ್ಲಿ ಹಾಕಿಡಿ. ಒಂದು ಎಲೆ ಮುರಿದರೆ ಅದರ ಸುತ್ತಿನ ತಂತಿಯನ್ನಷ್ಟೇ ಕತ್ತರಿಸಿ ತೆಗೆದು, ಅದೇ ಜಾಗದಲ್ಲಿ ಅದೇ ಅಳತೆಯ ಹೊಸ ಎಲೆಯನ್ನು, ಅದೇ ಕಡೆಗೆ ಬಾಗಿಸಿ ಸುತ್ತಿದರಾಯಿತು.